ರೋಗಿಗೆ ಹೇಳಿದ ಮಾತು ಒಲೆಯವರೆಗೆ ತಲುಪುತ್ತಿಲ್ಲ: ಕೋಲಾರ ಜಿಲ್ಲೆಯಿಂದ ಒಂದು ಬಹಿರಂಗ ಪತ್ರ

ಜಿಲ್ಲೆಯಲ್ಲಿ ಮನೆ ಮನೆಗೆ ಆರೋಗ್ಯ ಸೇವೆಯನ್ನೂ ಆರೋಗ್ಯದ ತಿಳಿವಳಿಕೆಯನ್ನೂ ತಲುಪಿಸುವ ಹೊಣೆ ಹೊತ್ತಿರುವ ಅಧಿಕಾರಿಗಳಿಗೆ,

ಮಾನ್ಯರೇ,

ನಾನು ಕೋಲಾರ ಜಿಲ್ಲೆಯ ಒಂದು ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಕಾರ್ಯದರ್ಶಿಯಾಗಿ ಕೆಲಸ ಮಾಡುತ್ತಿರುವವನು. ವೈದ್ಯನಲ್ಲ, ಆರೋಗ್ಯದ ವಿಷಯದಲ್ಲಿ ತರಬೇತಿ ಪಡೆದವನೂ ಅಲ್ಲ. ಆದರೆ ಬೆಳಿಗ್ಗೆ ಆರರಿಂದ ಎಂಟು, ಸಂಜೆ ಐದರಿಂದ ಏಳು, ಹೀಗೆ ದಿನಕ್ಕೆ ಎರಡು ಹೊತ್ತು ಊರಿನ ಹೆಚ್ಚುಕಡಿಮೆ ಎಲ್ಲ ಮನೆಗಳವರೂ ನನ್ನ ಮೇಜಿನ ಮುಂದೆ ಹಾದುಹೋಗುತ್ತಾರೆ. ಯಾರ ಅತ್ತೆಗೆ ಕೈಕಾಲು ಬಿದ್ದುಹೋಯಿತು, ಯಾರು ಶುಗರ್ ಮಾತ್ರೆ ಬಿಟ್ಟು ನಾಟಿ ಔಷಧಿಗೆ ಹೋದರು, ಯಾರ ಸೊಸೆಗೆ ರಕ್ತ ಕಡಿಮೆಯೆಂದು ಪಟ್ಟಣದ ಆಸ್ಪತ್ರೆಯಲ್ಲಿ ಬಾಟಲಿ ಏರಿಸಿದರು ಎಂಬ ಸುದ್ದಿಗಳು ತಮ್ಮ ವಹಿಗಳಲ್ಲಿ ದಾಖಲಾಗುವ ಮೊದಲೇ ಹಾಲಿನ ಕ್ಯಾನಿನ ಸುತ್ತ ಮಾತಾಗಿರುತ್ತವೆ. ಆ ಮಾತುಗಳನ್ನು ಕೇಳಿದವನಾಗಿ, ಜೊತೆಗೆ ನನ್ನ ಮನೆಯಲ್ಲಿಯೇ ಒಂದೂವರೆ ವರ್ಷ ಎಡವಿದವನಾಗಿ, ಈ ಪತ್ರವನ್ನು ಬರೆಯುತ್ತಿದ್ದೇನೆ.

ಮೊದಲಿಗೆ ಸಲ್ಲಬೇಕಾದ ಮೆಚ್ಚುಗೆಯನ್ನು ಸಲ್ಲಿಸಿಬಿಡುತ್ತೇನೆ. ಮೂವತ್ತು ವರ್ಷ ದಾಟಿದವರ ರಕ್ತದೊತ್ತಡ, ಸಕ್ಕರೆ, ಬಾಯಿಯ ಕ್ಯಾನ್ಸರ್ ಮುಂತಾದವನ್ನು ಮನೆಬಾಗಿಲಿನಲ್ಲಿಯೇ ಪರೀಕ್ಷಿಸುವ ‘ಗೃಹ ಆರೋಗ್ಯ’ ಯೋಜನೆ 2024ರ ಅಕ್ಟೋಬರ್‌ನಲ್ಲಿ ರಾಜ್ಯದಲ್ಲಿಯೇ ಮೊದಲು ಶುರುವಾದದ್ದು ನಮ್ಮ ಕೋಲಾರ ಜಿಲ್ಲೆಯಲ್ಲಿ. ಮರುವರ್ಷ ಅದು ಬೇರೆ ಜಿಲ್ಲೆಗಳಿಗೂ ಹೋಯಿತು. ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ, 31.5 ಕೋಟಿ ಜನರಿಗೆ ರಕ್ತದೊತ್ತಡ ಇದೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದ ಅಧ್ಯಯನವೊಂದು 2023ರಲ್ಲಿ ಅಂದಾಜು ಮಾಡಿದೆ. ಇಷ್ಟು ಜನ ಆಸ್ಪತ್ರೆಗೆ ಬರಲಿ ಎಂದು ಕಾಯುವ ಬದಲು ಆಸ್ಪತ್ರೆಯೇ ಅವರ ಮನೆಗೆ ಹೋಗಬೇಕು ಎಂಬ ಆಲೋಚನೆ ಸರಿಯಾದದ್ದು. ಬಿಸಿಲಿನಲ್ಲಿ ಬೀದಿ ಬೀದಿ ಸುತ್ತುವ ಆಶಾ ಕಾರ್ಯಕರ್ತೆಯರ ಶ್ರಮದ ಬಗ್ಗೆ ನನಗೆ ಗೌರವವಿದೆ. ಮುಂದೆ ನಾನು ಹೇಳುವ ಯಾವ ಮಾತೂ ಅವರ ಮೇಲಿನ ದೂರಲ್ಲ. ಯಾವ ತಂಡ ಯಾವ ದಿನ ಬಂದಿತ್ತು ಎಂಬ ವಿವರಗಳನ್ನು ಬೇಕೆಂದೇ ಬಿಟ್ಟಿದ್ದೇನೆ.

ನನ್ನ ದೂರು ಇಷ್ಟೇ: ತಾವು ಮನೆಯವರೆಗೆ ಬಂದಿದ್ದೀರಿ, ಆದರೆ ಮಾತನಾಡುತ್ತಿರುವುದು ಮಾತ್ರ ರೋಗಿಯೊಬ್ಬರ ಜೊತೆ. ನಮ್ಮ ಮನೆಗಳಲ್ಲಿ ರೋಗಿಯ ಊಟ, ನೀರು, ನಿದ್ದೆ, ಮಾತ್ರೆ ಯಾವುದನ್ನೂ ರೋಗಿ ಒಬ್ಬರೇ ತೀರ್ಮಾನ ಮಾಡುವುದಿಲ್ಲ. ಪಡಿತರ ಚೀಟಿಯ ಯಜಮಾನಿ ಒಬ್ಬರು, ಒಲೆಯ ಮುಂದೆ ನಿಲ್ಲುವವರು ಇನ್ನೊಬ್ಬರು, ಸಂತೆಗೆ ಹೋಗಿ ಸಾಮಾನು ತರುವವರು ಮೂರನೆಯವರು. 2023ರ ಆಗಸ್ಟ್‌ನಿಂದ ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ ಬರುತ್ತಿರುವುದು ಚೀಟಿಯಲ್ಲಿರುವ ಯಜಮಾನಿಯ ಖಾತೆಗೆ, ಅಂದರೆ ಬಹುಪಾಲು ಮನೆಗಳಲ್ಲಿ ಅತ್ತೆಗೆ. ಸಾರಿಗೆ ಉಪ್ಪು ಹಾಕುವ ಕೈ ಸೊಸೆಯದು. ಸಾರು ಸಪ್ಪೆಯಾಯಿತೆಂದು ತಟ್ಟೆ ತಳ್ಳುವುದು ಮಗ. ಹೀಗಿರುವಾಗ ಜಗುಲಿಯ ಮೇಲೆ ಕುಳಿತ ಅಜ್ಜಿಗೆ “ಉಪ್ಪು ಕಡಿಮೆ ಮಾಡಿ ಅಜ್ಜಿ” ಎಂದು ಹೇಳಿ ಪುಸ್ತಕದಲ್ಲಿ ಗುರುತು ಹಾಕಿಕೊಂಡು ಹೋದರೆ ಆ ಸಲಹೆ ಯಾರಿಗೆ ಕೊಟ್ಟ ಹಾಗಾಯಿತು?

ಆ ತಟ್ಟೆ ತಳ್ಳಿದ ಮಗ ನಾನೇ. ನನ್ನ ತಾಯಿಗೆ ಈಗ ಅರವತ್ತೊಂಬತ್ತು. ಊರಿನಲ್ಲಿ ನಡೆದ ತಪಾಸಣೆಯಲ್ಲಿ ಅವರ ರಕ್ತದೊತ್ತಡ 170ಕ್ಕೆ 100 ಎಂದು ಬಂತು. ಮಾತ್ರೆ ಕೊಟ್ಟರು, ಉಪ್ಪು ಉಪ್ಪಿನಕಾಯಿ ಬಿಡಬೇಕೆಂದರು. ನಾನು ಆ ಹೊತ್ತಿನಲ್ಲಿ ಸಂಘದಲ್ಲಿದ್ದೆ, ನನ್ನ ಹೆಂಡತಿ ಮತ್ತು ಸೊಸೆ ತೋಟದಲ್ಲಿ ಟೊಮೆಟೊ ಬಿಡಿಸುತ್ತಿದ್ದರು. ಸಂಜೆ ಅಮ್ಮನೇ ಹೇಳಿದರು, “ಅದೇನೋ ಬಿ.ಪಿ. ಅಂತೆ, ಉಪ್ಪು ತಿನ್ನಬಾರದಂತೆ.” ಸರಿ ಎಂದು ಮಾರನೆಯ ದಿನದಿಂದ ನನ್ನ ಹೆಂಡತಿ ಅಮ್ಮನಿಗೆಂದು ಚಿಕ್ಕ ಸ್ಟೀಲ್ ಪಾತ್ರೆಯೊಂದರಲ್ಲಿ ಸ್ವಲ್ಪ ಸಾರನ್ನು ಉಪ್ಪಿಲ್ಲದೆ ಮೊದಲೇ ತೆಗೆದಿಟ್ಟು, ಉಳಿದದ್ದಕ್ಕೆ ಎಂದಿನಂತೆ ಉಪ್ಪು ಹಾಕತೊಡಗಿದಳು. ಇದಕ್ಕಿಂತ ಒಳ್ಳೆಯ ಏರ್ಪಾಡು ಇಲ್ಲವೆಂದೇ ನಾವೆಲ್ಲ ತಿಳಿದಿದ್ದೆವು.

ನಾಲ್ಕನೆಯ ದಿನ ರಾತ್ರಿ ಅಮ್ಮ ಮುದ್ದೆ ಮುರಿಯದೆ ಕುಳಿತುಬಿಟ್ಟರು. ಎದುರಿಗೆ ಆ ಚಿಕ್ಕ ಪಾತ್ರೆ. “ನಾನು ಬದುಕಿರೋವಾಗ್ಲೇ ನನ್ನ ಒಲೆ ಬೇರೆ ಮಾಡಿದ್ರಾ?” ಎಂದು ಕೇಳಿದರು. ನಮ್ಮ ಕಡೆ ಅಣ್ಣತಮ್ಮಂದಿರು ಭಾಗವಾದರೆ ‘ಒಲೆ ಬೇರೆಯಾಯಿತು’ ಎನ್ನುತ್ತಾರೆ. ಬೇರೆ ಪಾತ್ರೆ ಎಂದರೆ ಮನೆಯಿಂದ ಹೊರಗಿಟ್ಟ ಲೆಕ್ಕ. ನಲವತ್ತೈದು ವರ್ಷ ಆ ಅಡುಗೆಮನೆಯನ್ನು ಆಳಿದವರ ಮುಂದೆ ನಾವು ಔಷಧೋಪಚಾರವೆಂದುಕೊಂಡು ಇಟ್ಟದ್ದು ಅವರ ಕಣ್ಣಿಗೆ ಪಾಲುಪಟ್ಟಿಯಾಗಿ ಕಂಡಿತ್ತು. ಅಂದಿನಿಂದ ಅವರು ಎಲ್ಲರ ಮುಂದೆ ಸಪ್ಪೆ ಸಾರು ಉಣ್ಣುವುದು, ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಜಾಡಿಯ ಮಾವಿನಕಾಯಿ ಉಪ್ಪಿನಕಾಯಿಯನ್ನು ಅನ್ನಕ್ಕೆ ಕಲಸಿಕೊಳ್ಳುವುದು ನಡೆಯಿತು. ಮೂರು ತಿಂಗಳ ನಂತರ ಅಳೆದಾಗ ಒತ್ತಡ ಇಳಿದಿರಲಿಲ್ಲ. “ಪಥ್ಯ ಮಾಡುತ್ತಿಲ್ಲ ಅಲ್ಲವಾ?” ಎಂದು ಬಂದವರು ಗದರಿದರು. ಅಮ್ಮ ತಲೆ ತಗ್ಗಿಸಿದರು. ಅಂದು ಗದರಿಸಿಕೊಳ್ಳಬೇಕಾಗಿದ್ದವನು ನಾನು.

ಕೊನೆಗೆ ಆ ಚಿಕ್ಕ ಪಾತ್ರೆಯನ್ನು ಅಟ್ಟಕ್ಕೆ ಹಾಕಿ, ಇಡೀ ಮನೆಯ ಸಾರಿಗೇ ಉಪ್ಪು ಇಳಿಸಬೇಕೆಂದು ಹೆಂಡತಿ ಹೇಳಿದಾಗ ಹೆಚ್ಚು ತಕರಾರು ಮಾಡಿದ್ದು ನಾನು ಮತ್ತು ನನ್ನ ಮಗ. ನಮಗೇನು ರೋಗ ಎಂಬುದು ನಮ್ಮ ವಾದ. ಆಗ ಅವಳು ಒಂದು ಲೆಕ್ಕ ಮುಂದಿಟ್ಟಳು, ಸಂಘದ ಲೆಕ್ಕ ಬರೆಯುವ ನನಗೆ ಇಷ್ಟು ವರ್ಷ ಹೊಳೆಯದ ಲೆಕ್ಕ. ಒಬ್ಬ ವಯಸ್ಕನಿಗೆ ದಿನಕ್ಕೆ ಐದು ಗ್ರಾಂಗಿಂತ ಹೆಚ್ಚು ಉಪ್ಪು ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ಸುಮಾರು ಒಂದು ಟೀ ಚಮಚ. ಮಗುವನ್ನು ಬಿಟ್ಟರೆ ನಮ್ಮ ಮನೆಯಲ್ಲಿ ಐದು ಜನ. ಐದು ಜನಕ್ಕೆ ದಿನಕ್ಕೆ ಇಪ್ಪತ್ತೈದು ಗ್ರಾಂ, ತಿಂಗಳಿಗೆ ಮುಕ್ಕಾಲು ಕಿಲೋ. ನಮ್ಮಲ್ಲಿ ತಿಂಗಳಿಗೆ ಎರಡು ಕಿಲೋ ಪ್ಯಾಕೆಟ್ ಮುಗಿಯುತ್ತಿತ್ತು, ಉಪ್ಪಿನಕಾಯಿಗೆ ತರುವ ಕಲ್ಲುಪ್ಪು ಬೇರೆ. ಪಾತ್ರೆ ತೊಳೆಯುವಾಗ ಹೋಗುವುದನ್ನು ಕಳೆದರೂ ಒಬ್ಬೊಬ್ಬರ ಪಾಲಿಗೆ ಎರಡರಷ್ಟು ಬೀಳುತ್ತದೆ. ಗ್ರಾಂ, ಸೋಡಿಯಂ, ಶೇಕಡಾವಾರು ಎಂದು ಎಷ್ಟು ಹೇಳಿದರೂ ತಲೆಗೆ ಹೋಗದ ವಿಷಯ ‘ಪ್ಯಾಕೆಟ್ ಎಷ್ಟು ದಿನ ಬಂತು’ ಎಂಬ ಒಂದು ಪ್ರಶ್ನೆಯಲ್ಲಿ ಮನೆಮಂದಿಗೆಲ್ಲ ತಿಳಿಯಿತು. ಈ ಪ್ರಶ್ನೆಯನ್ನು ತಮ್ಮ ಕಡೆಯವರು ಯಾಕೆ ಕೇಳುವುದಿಲ್ಲ? ಅದಕ್ಕೆ ಯಂತ್ರ ಬೇಕಿಲ್ಲ, ಅಡುಗೆಮನೆಯ ಡಬ್ಬಿಯನ್ನೊಮ್ಮೆ ನೋಡಿದರೆ ಸಾಕು.

ಉಪ್ಪಿನ ವಿಷಯ ಬಂದಾಗ ಇನ್ನೊಂದು ಮಾತು. ಪ್ಯಾಕೆಟ್ ಉಪ್ಪಿನಿಂದ ಬಿ.ಪಿ. ಬರುತ್ತದೆ, ಕಲ್ಲುಪ್ಪಿನಿಂದ ಬರುವುದಿಲ್ಲ ಎಂಬ ನಂಬಿಕೆ ಈಗ ಮೊಬೈಲಿನ ಮೂಲಕ ಮನೆ ಮನೆಗೂ ಬಂದು ಕುಳಿತಿದೆ. ಎರಡರಲ್ಲಿಯೂ ಇರುವುದು ಅದೇ ಸೋಡಿಯಂ ಎಂದು ಹೇಳುವವರಿಲ್ಲದೆ, ಅಯೋಡಿನ್ ಇರುವ ಉಪ್ಪನ್ನು ಬಿಟ್ಟು ಕಲ್ಲುಪ್ಪನ್ನು ಧಾರಾಳವಾಗಿ ಹಾಕುವ ಮನೆಗಳು ನಮ್ಮ ಬೀದಿಯಲ್ಲಿಯೇ ನಾಲ್ಕಿವೆ. ಹಾಗೆಯೇ ‘ಶುಗರ್‌ಗೆ ರಾಗಿ ಒಳ್ಳೆಯದು’ ಎಂಬ ಅರ್ಧ ಮಾತನ್ನು ಹಿಡಿದುಕೊಂಡು, ಅನ್ನ ಬಿಟ್ಟೆನಲ್ಲ ಎಂಬ ಧೈರ್ಯದಲ್ಲಿ ಒಂದರ ಜಾಗದಲ್ಲಿ ಎರಡು ದೊಡ್ಡ ಮುದ್ದೆ ಇಳಿಸುವವರಿದ್ದಾರೆ. ರಾಗಿಯಲ್ಲಿಯೂ ಪಿಷ್ಟವಿದೆ, ಗಾತ್ರ ಕಡಿಮೆ ಮಾಡಿ ಸೊಪ್ಪು ಕಾಳು ಜಾಸ್ತಿ ಮಾಡಿ ಎಂಬ ಉಳಿದರ್ಧ ಮಾತು ಎಲ್ಲಿಯೋ ಬಿದ್ದುಹೋಗಿದೆ. ಶ್ರೀನಿವಾಸಪುರದ ಕಡೆಯಿಂದ ಮಾವಿನ ಹಣ್ಣು ಬರುವ ಎರಡು ತಿಂಗಳು ಈ ಜಿಲ್ಲೆಯ ಶುಗರ್ ರೋಗಿಗಳು ಹೇಗೆ ಇರುತ್ತಾರೆ ಎಂಬುದನ್ನು ನಾನು ಬರೆಯುವುದಕ್ಕಿಂತ ತಾವು ಊಹಿಸಿಕೊಳ್ಳುವುದೇ ಚೆನ್ನ.

ಮಾತ್ರೆಯ ವಿಷಯವೂ ಇದೇ ದಾರಿ ಹಿಡಿದದ್ದು. ಅಮ್ಮ ಇಪ್ಪತ್ತು ದಿನ ನಿಯಮವಾಗಿ ಮಾತ್ರೆ ತೆಗೆದುಕೊಂಡರು. ಆಮೇಲೆ ಕಣಕಾಲು ಊದಿಕೊಂಡಿತು. ಪಕ್ಕದ ಮನೆಯ ಅಕ್ಕ ನೋಡಿ, “ಇಂಗ್ಲಿಷ್ ಮಾತ್ರೆ ಕಿಡ್ನಿಗೆ ಹೊಡೀತದೆ, ಬಿಟ್ಬಿಡಿ” ಎಂದರು. ಅಮ್ಮ ಬಿಟ್ಟರು, ನಮಗೆ ಹೇಳಲಿಲ್ಲ. ಆಮ್ಲೋಡಿಪಿನ್ ಎಂಬ ಆ ಮಾತ್ರೆಯಿಂದ ಕೆಲವರಿಗೆ ಪಾದ, ಕಣಕಾಲು ಊದುವುದುಂಟು, ಹಾಗಾದರೆ ಬಂದು ಹೇಳಿ, ಬೇರೆ ಮಾತ್ರೆ ಕೊಡುತ್ತೇವೆ ಎಂದು ಮೊದಲ ದಿನವೇ ಮನೆಯವರ ಎದುರು ಒಂದು ಮಾತು ಆಡಿದ್ದರೆ ಪಕ್ಕದ ಮನೆಯ ಅಕ್ಕನ ವೈದ್ಯಕ್ಕೆ ಜಾಗವೇ ಇರುತ್ತಿರಲಿಲ್ಲ. ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್ ಕೂಡ ಹಾಗೆಯೇ. ಊಟದ ಜೊತೆಗೆ ತೆಗೆದುಕೊಳ್ಳಬೇಕಾದ ಅದನ್ನು ಬೆಳಗಿನ ಜಾವ ಬರಿ ಕಾಫಿಯ ಮೇಲೆ ನುಂಗಿ, ಹೊಟ್ಟೆ ತೊಳಸುತ್ತದೆಂದು ಬಿಟ್ಟವರನ್ನು ನಾನು ಹಾಲಿನ ಸಾಲಿನಲ್ಲಿಯೇ ಮೂವರನ್ನು ಕಂಡಿದ್ದೇನೆ. ನಮ್ಮಲ್ಲಿ ಹೊಲದ ಕೆಲಸದ ದಿನ ಮೊದಲ ಊಟ ಹತ್ತು ಗಂಟೆಗೆ. ‘ಬೆಳಿಗ್ಗೆ ಒಂದು, ರಾತ್ರಿ ಒಂದು’ ಎಂದು ಬರೆದುಕೊಡುವವರು ಆ ಮನೆಯಲ್ಲಿ ಬೆಳಗಿನ ಊಟ ಎಷ್ಟು ಹೊತ್ತಿಗೆ ಎಂದು ಒಮ್ಮೆ ಕೇಳಬೇಕು. ಅದರ ಮೇಲೆ ಒಮ್ಮೊಮ್ಮೆ ಹತ್ತೇ ದಿನದ ಮಾತ್ರೆ ಕೊಟ್ಟು ಮತ್ತೆ ಬನ್ನಿ ಎನ್ನುತ್ತಾರೆ. ಹನ್ನೊಂದನೆಯ ದಿನ ಅಜ್ಜಿಯನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೋಗಲು ಮನೆಯಲ್ಲಿ ಯಾರಿಗೆ ಪುರುಸೊತ್ತಿದೆ ಎಂಬುದರ ಮೇಲೆ ಆ ಚಿಕಿತ್ಸೆ ನಿಂತಿರುತ್ತದೆ.

ಗರ್ಭಿಣಿಯರ ಕಬ್ಬಿಣದ ಮಾತ್ರೆಯ ಕಥೆ ಇನ್ನೂ ಬೇಸರದ್ದು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಶೇ. 47.8 ಮಂದಿಗೆ, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5 ಮಂದಿಗೆ ರಕ್ತಹೀನತೆ ಇದೆ. ಅದರ ಹಿಂದಿನ ಸಮೀಕ್ಷೆಗಿಂತ ಇದು ಹೆಚ್ಚು. ಮಾತ್ರೆ ಉಚಿತವಾಗಿ ಬರುತ್ತಿದೆ, ಅಂಗನವಾಡಿಯೂ ಇದೆ, ಆದರೂ ಏರಿದೆ. ನಮ್ಮ ಬೀದಿಯ ಸೊಸೆಯೊಬ್ಬಳಿಗೆ ನೂರೆಂಬತ್ತು ದಿನ ನುಂಗಬೇಕೆಂದು ಕೆಂಪು ಮಾತ್ರೆಗಳನ್ನು ಕೊಟ್ಟಿದ್ದರು. ಮಲ ಕಪ್ಪಗೆ ಬಂದದ್ದಕ್ಕೆ ಅವಳು ಹೆದರಿದಳು. ಮಗು ಕಪ್ಪಾಗುತ್ತದೆ, ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ ಎಂದು ಅತ್ತೆ ಹೆದರಿದರು. ಮಾತ್ರೆಗಳು ದೇವರ ಗೂಡಿನ ಪಕ್ಕದ ಡಬ್ಬಿ ಸೇರಿದವು. ಇನ್ನೊಂದು ಮನೆಯಲ್ಲಿ ಹುಡುಗಿ ನಿಷ್ಠೆಯಿಂದ ತೆಗೆದುಕೊಂಡಳು, ಆದರೆ ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಎರಡನ್ನೂ ಒಟ್ಟಿಗೆ, ಅದೂ ಟೀ ಜೊತೆ. ಇವೆರಡನ್ನೂ ಬೇರೆ ಬೇರೆ ಹೊತ್ತಿಗೆ ತೆಗೆದುಕೊಳ್ಳಬೇಕು, ಜೊತೆಗೆ ಟೀ ಕುಡಿದರೆ ಕಬ್ಬಿಣ ಸರಿಯಾಗಿ ಮೈಗೆ ಹತ್ತುವುದಿಲ್ಲ ಎಂದು ಅವಳಿಗೆ ಯಾರೋ ಹೇಳಿರಬಹುದು. ಆದರೆ ಆ ಮನೆಯಲ್ಲಿ ಟೀ ಕಾಸುವ ಹೊತ್ತನ್ನು ತೀರ್ಮಾನಿಸುವವಳು ಅವಳಲ್ಲ. ತಾಯಿ ಕಾರ್ಡು ಹಿಡಿದು ಬರುವ ಗರ್ಭಿಣಿಗೆ ಎಷ್ಟು ತಿಳಿ ಹೇಳಿದರೂ, ಅವಳ ಅತ್ತೆಗೂ ಗಂಡನಿಗೂ ಅದೇ ಮಾತನ್ನು ಗೌರವದಿಂದ, ಅವರ ಭಯವನ್ನು ನಗೆಯಾಡದೆ ಹೇಳದ ಹೊರತು ಮಾತ್ರೆ ಡಬ್ಬಿಯಿಂದ ಹೊರಗೆ ಬರುವುದಿಲ್ಲ.

ನೀರಿನ ವಿಷಯ ನಮ್ಮ ಜಿಲ್ಲೆಯಲ್ಲಿ ಎತ್ತದೆ ಇರುವಂತಿಲ್ಲ. ವರ್ಷವಿಡೀ ಹರಿಯುವ ನದಿಯಿಲ್ಲದ, ಸಾವಿರ ಅಡಿಗೂ ಕೆಳಗೆ ಕೊರೆದು ನೀರೆತ್ತುವ ಊರುಗಳು ನಮ್ಮವು. ಹಲವು ಕಡೆ ಆ ನೀರಿನಲ್ಲಿ, ಹೆಚ್ಚಾದರೆ ಹಲ್ಲು ಮೂಳೆಗಳನ್ನು ಕೆಡಿಸುವ ಫ್ಲೋರೈಡ್ ಇದೆ. ಲೀಟರಿಗೆ ಒಂದು ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ ಒಂದೂವರೆಯವರೆಗೆ ನಡೆಯಬಹುದು ಎಂಬುದು ಭಾರತೀಯ ಮಾನಕ. ಶುದ್ಧ ನೀರಿನ ಘಟಕಗಳು ಬಂದ ಮೇಲೆ ಕುಡಿಯಲು ಕ್ಯಾನ್ ನೀರು ತರುವ ಅಭ್ಯಾಸವಂತೂ ಆಗಿದೆ. ಆದರೆ ಮುದ್ದೆಗೆ ಎಸರಿಡುವುದು, ಬೇಳೆ ಬೇಯಿಸುವುದು, ಅನ್ನಕ್ಕೆ ಇಡುವುದು ಎಲ್ಲವೂ ನಲ್ಲಿಯ ಕೊಳವೆಬಾವಿ ನೀರಿನಲ್ಲಿ. ಎಸರಿನ ನೀರೆಲ್ಲ ಮುದ್ದೆಯಲ್ಲಿಯೇ ಉಳಿಯುತ್ತದಷ್ಟೆ. ಕಾಯಿಸಿದರೆ ನೀರು ಶುದ್ಧವಾಗುತ್ತದೆ ಎಂದು ಶಾಲೆಯಿಂದ ಹಿಡಿದು ಎಲ್ಲ ಕಡೆಯೂ ಕಲಿಸಿದ್ದೇವೆ. ಕ್ರಿಮಿಗಳ ಮಟ್ಟಿಗೆ ಅದು ನಿಜ. ಫ್ಲೋರೈಡ್ ಮಾತ್ರ ಕಾಯಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ. ಇದನ್ನು ಹೆಂಗಸರಿಗೆ ತಿಳಿಸಿದರೆ ಅಡುಗೆಗೂ ಕ್ಯಾನ್ ನೀರು ಬಳಸುತ್ತಾರೆಯೇ? ಬಳಸಲಾರರು. ಇಪ್ಪತ್ತು ಲೀಟರಿನ ಕ್ಯಾನನ್ನು ಮೊಪೆಡ್ ಮೇಲೆ ತರುವವರು ಗಂಡಸರು. ದಿನಕ್ಕೊಂದರ ಬದಲು ಎರಡು ಕ್ಯಾನ್ ತರಬೇಕಾದವರು ಅವರು. ಹಾಗಾಗಿ ಈ ಒಂದು ವಿಷಯದಲ್ಲಿ ಅಡುಗೆಮನೆಯ ಅಭ್ಯಾಸ ಬದಲಾಗಬೇಕಾದರೆ ಘಟಕದ ಮುಂದೆ ಕ್ಯಾನ್ ಹಿಡಿದು ನಿಂತ ಗಂಡಸಿಗೆ ಹೇಳಬೇಕು. ಅಲ್ಲಿ ಇಂದಿನವರೆಗೆ ಯಾರೂ ಬಂದು ಹೇಳಿದ್ದನ್ನು ನಾನು ಕಂಡಿಲ್ಲ.

ಕಡ್ಡಿಪುಡಿ ಎಂಬ ಹೊಗೆಸೊಪ್ಪಿನ ಬಗ್ಗೆ ಉದ್ದ ಬರೆಯುವುದಿಲ್ಲ. ಎಲೆಅಡಿಕೆಯ ಜೊತೆ ಅದನ್ನು ಹಾಕಿಕೊಳ್ಳುವ ಅಜ್ಜಿಯ ಬಾಯಿಯನ್ನು ತಾವು ಟಾರ್ಚ್ ಹಿಡಿದು ಪರೀಕ್ಷಿಸುತ್ತೀರಿ, ಬಿಡಬೇಕೆಂದು ಹೇಳುತ್ತೀರಿ. ಅದನ್ನು ಅಂಗಡಿಯಿಂದ ತಂದುಕೊಡುವವನು ಏಳನೆಯ ತರಗತಿಯ ಮೊಮ್ಮಗ, ಚಿಲ್ಲರೆ ಅವನಿಗೆ ಚಾಕಲೇಟಿಗೆ. ಮಕ್ಕಳ ಕೈಗೆ ಹೊಗೆಸೊಪ್ಪು ಮಾರಬಾರದೆಂಬ ಕಾನೂನು ಇದ್ದೇ ಇದೆ. ಅಜ್ಜಿಯನ್ನು ಒಪ್ಪಿಸುವುದಕ್ಕಿಂತ ಆ ಹುಡುಗನನ್ನು ಒಪ್ಪಿಸುವುದು ಸುಲಭ.

ಇನ್ನು ಹೊತ್ತಿನ ವಿಷಯ. ನಮ್ಮ ಊರಿಗೆ ಆರೋಗ್ಯದ ಮಾತು ಬರುವುದು ಯಾವಾಗಲೂ ಹನ್ನೊಂದು ಗಂಟೆಗೆ. ಆ ಹೊತ್ತಿಗೆ ದೇವಸ್ಥಾನದ ಕಟ್ಟೆಯ ಮೇಲೆ ಸಿಗುವವರು ವಯಸ್ಸಾದವರು ಮತ್ತು ಇಸ್ಪೀಟಿನವರು. ಟೊಮೆಟೊ ಬಿಡಿಸುವ ದಿನ ಬೆಳಕು ಹರಿಯುವ ಮುಂಚೆ ಹೋದ ಹೆಂಗಸರು ಬಾಕ್ಸ್ ತುಂಬಿಸಿ ಗಾಡಿ ಕಳಿಸಿ ಬರುವಾಗ ಮಧ್ಯಾಹ್ನ. ರೇಷ್ಮೆ ಸಾಕುವ ಮನೆಯಲ್ಲಿ ಹುಳು ಹಣ್ಣಾಗಿ, ಗೂಡು ಕಟ್ಟಲೆಂದು ಚಂದ್ರಿಕೆಯ ತಟ್ಟೆಗೆ ಬಿಡುವ ದಿನಗಳಲ್ಲಿ ಉಣ್ಣುವ ಹೊತ್ತು, ಮಲಗುವ ಹೊತ್ತು ಎಂಬುದೇ ಇರುವುದಿಲ್ಲ. ಆಗ ಮಾತ್ರೆಯ ನೆನಪು ಯಾರಿಗಿರುತ್ತದೆ? ಇಂಥ ಮನೆಯ ಹೆಂಗಸಿಗೆ ದಿನಕ್ಕೆ ಅರ್ಧ ಗಂಟೆ ನಡೆಯಿರಿ ಎಂದು ಕರಪತ್ರದಲ್ಲಿ ಬರೆದರೆ ಅವಳು ನಗುತ್ತಾಳೆ, ಹುಲ್ಲಿನ ಹೊರೆ ಹೊತ್ತು ನಡೆದದ್ದು ನಡಿಗೆಯಲ್ಲವೇ ಎನ್ನುತ್ತಾಳೆ. ಅದೇ, ಕೆಲಸವಿಲ್ಲದೆ ಮನೆಯಲ್ಲಿ ಕುಳಿತು ಮೈ ಬಂದಿರುವ ಚಿಕ್ಕ ವಯಸ್ಸಿನ ಸೊಸೆ ಸಂಜೆ ರಸ್ತೆಯಲ್ಲಿ ಸುಮ್ಮನೆ ನಡೆಯಹೊರಟರೆ ಎಲ್ಲಿಗೆ, ಯಾಕೆ ಎಂದು ಊರು ಕೇಳುತ್ತದೆ. ಅವಳಿಗೆ ಬೇಕಾಗಿರುವುದು ಸಲಹೆಯಲ್ಲ, ಅತ್ತೆಯ ಜೊತೆ. ಇಬ್ಬರೂ ಒಟ್ಟಿಗೆ ಹೊರಟರೆ ಊರು ಸುಮ್ಮನಿರುತ್ತದೆ. ಕರಪತ್ರ ಎಂದೆನಲ್ಲ, ಅದು ಅಚ್ಚುಕಟ್ಟಾದ ಕನ್ನಡದಲ್ಲಿರುತ್ತದೆ. ಈ ಗಡಿ ಸೀಮೆಯಲ್ಲಿ ಎಷ್ಟೋ ಮನೆಗಳ ಒಳಮಾತು ತೆಲುಗು. ಅಡುಗೆಮನೆಯ ಅಭ್ಯಾಸದ ಬಗ್ಗೆ ಅಡುಗೆಮನೆಯ ಮಾತಿನಲ್ಲಿ ಹೇಳುವುದು ಕನ್ನಡಕ್ಕೆ ಮಾಡುವ ಅವಮಾನ ಆಗಲಾರದು.

ಪೋಲಿಯೊ ಹನಿ ಹಾಕಿದ ಹಾಗೆ ಇದನ್ನೂ ಗೆಲ್ಲಬಹುದು ಎಂದು ಸಭೆಯೊಂದರಲ್ಲಿ ಯಾರೋ ಹೇಳಿದ್ದನ್ನು ಕೇಳಿದ್ದೇನೆ. ಪೋಲಿಯೊ ನಿರ್ಮೂಲನೆ ದೊಡ್ಡ ಸಾಧನೆ, 2014ರಲ್ಲಿ ದೇಶಕ್ಕೆ ಆ ಪ್ರಮಾಣಪತ್ರ ಸಿಕ್ಕಿತು. ಆದರೆ ಎರಡು ಹನಿ ಹಾಕಿ ಬೆರಳಿಗೆ ಗುರುತು ಹಾಕಿದರೆ ಆ ದಿನದ ಕೆಲಸ ಮುಗಿಯುತ್ತಿತ್ತು, ಅದಕ್ಕಾಗಿ ಯಾರೂ ತಮ್ಮ ಸಾರಿನ ರುಚಿಯನ್ನು ಬಿಟ್ಟುಕೊಡಬೇಕಾಗಿರಲಿಲ್ಲ. ಬಿ.ಪಿ., ಶುಗರ್ ವಿಷಯದಲ್ಲಿ ಪ್ರತಿದಿನವೂ, ಮೂರು ಹೊತ್ತೂ, ಮನೆಯ ಐದಾರು ಜನ ಒಬ್ಬರಿಗಾಗಿ ಸ್ವಲ್ಪ ಸ್ವಲ್ಪ ಬಿಟ್ಟುಕೊಡಬೇಕು. ಎರಡನ್ನೂ ಒಂದೇ ನಮೂನೆಯ ಫಾರಂನಲ್ಲಿ ‘ಮನೆ ಭೇಟಿ ಆಯಿತು’ ಎಂದು ತುಂಬಿಸುವುದು ಸರಿಯಲ್ಲ.

ಬದಲಾಗುವುದು ನಮ್ಮ ಜನಕ್ಕೆ ಗೊತ್ತಿಲ್ಲ ಎಂದು ಮಾತ್ರ ತಾವು ತಿಳಿಯಬಾರದು. ಅದಕ್ಕೆ ನಾನೇ ಸಾಕ್ಷಿ. ಹಸುವಿಗೆ ಖನಿಜ ಮಿಶ್ರಣ ಕೊಡಿ ಎಂದು ನಾವು ಸಂಘದಲ್ಲಿ ಹೇಳಿದಾಗ ಮೊದಲು ಯಾರೂ ಕೇಳಲಿಲ್ಲ. ಯಾವಾಗ ನಾಲ್ಕು ಮನೆಯವರು ಕೊಟ್ಟು, ಕೆಲವು ವಾರಗಳಲ್ಲಿ ಅವರ ಚೀಟಿಯಲ್ಲಿ ಹಾಲಿನ ಫ್ಯಾಟ್ (ಕೊಬ್ಬು), ಎಸ್.ಎನ್.ಎಫ್. (ಕೊಬ್ಬಲ್ಲದ ಘನಾಂಶ) ಏರಿದ್ದು ಸಾಲಿನಲ್ಲಿ ನಿಂತವರ ಕಣ್ಣಿಗೆ ಬಿತ್ತೋ, ಬಟವಾಡೆಯ ದಿನ ನಾಲ್ಕು ಕಾಸು ಜಾಸ್ತಿ ಬಂತೋ, ಆಮೇಲೆ ನಾನು ಹೇಳುವುದೇ ಬೇಕಾಗಲಿಲ್ಲ. ಈಗ ನಮ್ಮೂರಿನಲ್ಲಿ ಹಸುವಿಗೆ ಹೊತ್ತು ತಪ್ಪದೆ, ಅಳತೆ ತಪ್ಪದೆ ಕೊಡುತ್ತಾರೆ. ಮನೆಯ ಹಿರಿಯರಿಗೆ ಮಾತ್ರೆ ಕೊಡುವುದರಲ್ಲಿ ಆ ಶಿಸ್ತು ಇಲ್ಲ ಎಂದು ನಾನು ಬೈದಾಗ ಒಬ್ಬ ಹುಡುಗ ಹೇಳಿದ, “ಹಸುವಿನದು ಚೀಟೀಲಿ ಕಾಣುತ್ತೆ ಸಾರ್, ಅಜ್ಜಿದು ಎಲ್ಲಿ ಕಾಣುತ್ತೆ?” ಆ ಹುಡುಗ ಒರಟಾಗಿಯೇ ಹೇಳಿದ, ಆದರೆ ಈ ಇಡೀ ಪತ್ರದಲ್ಲಿ ನಾನು ಹೇಳಬೇಕಾಗಿರುವುದರ ಅರ್ಧವನ್ನು ಅವನು ಹೇಳಿಬಿಟ್ಟ. ಮೂರು ತಿಂಗಳಿಗೊಮ್ಮೆ ಯಾರೋ ಬಂದು ಅಳೆದು, ಅಂಕಿಯನ್ನು ತಮ್ಮ ಟ್ಯಾಬಿನಲ್ಲಿ ಬರೆದುಕೊಂಡು ಹೋಗುತ್ತಾರೆ. ಮನೆಯಲ್ಲಿ ಉಳಿಯುವುದು ‘ಜಾಸ್ತಿ ಇದೆ’ ಎಂಬ ಒಂದು ಮಾತು. ಉಪ್ಪು ಇಳಿಸಿದ್ದಕ್ಕೆ, ಮಾತ್ರೆ ತಪ್ಪಿಸದೆ ಇದ್ದದ್ದಕ್ಕೆ ಏನಾಯಿತೆಂದು ಒಲೆಯ ಮುಂದೆ ನಿಂತವಳಿಗೆ ತಿಳಿಯುವುದೇ ಇಲ್ಲ.

ಆದ್ದರಿಂದ ನನ್ನ ಕೋರಿಕೆಗಳು ದೊಡ್ಡವಲ್ಲ. ಮನೆ ಭೇಟಿಯಲ್ಲಿ ರೋಗಿಯ ಜೊತೆಗೆ ಅಡುಗೆ ಮಾಡುವವರು ಮತ್ತು ಸಾಮಾನು ತರುವವರು ಇಬ್ಬರೂ ಇರುವ ಹೊತ್ತನ್ನು ಆರಿಸಿಕೊಳ್ಳಿ. ನಮ್ಮ ಕಡೆ ಅದು ಸಂಜೆಯ ಹಾಲು ಕರೆದ ಮೇಲೆ, ಏಳರಿಂದ ಎಂಟೂವರೆ. ಆ ಹೊತ್ತಿಗೆ ಬರಬೇಕಾದ ಆಶಾ ಕಾರ್ಯಕರ್ತೆಗೂ ಒಂದು ಮನೆಯಿದೆ, ಒಲೆಯಿದೆ ಎಂಬುದು ನನಗೆ ಗೊತ್ತು. ಹಾಗಾಗಿ ವಾರಕ್ಕೆ ಒಂದು ಸಂಜೆ ಸಾಕು, ಅದಕ್ಕೆ ಬದಲಾಗಿ ಒಂದು ಹಗಲು ಬಿಡುವು ಕೊಟ್ಟು, ಆ ಸಂಜೆಗೆ ಪ್ರತ್ಯೇಕ ಭತ್ಯೆಯನ್ನೂ ಕೊಡಬೇಕು. ಅವಳಿಗೆ ತುಂಬಬೇಕಾದ ಫಾರಂಗಳಲ್ಲಿ ಎರಡನ್ನು ಕಡಿಮೆ ಮಾಡಿ, ಉಪ್ಪಿನ ಪ್ಯಾಕೆಟ್ ಎಷ್ಟು ದಿನ ಬಂತು, ಅಡುಗೆಗೆ ಯಾವ ನೀರು, ಮಾತ್ರೆ ಕೊಡುವವರು ಯಾರು ಎಂಬ ಮೂರು ಪ್ರಶ್ನೆ ಸೇರಿಸಿ. ಸ್ಥಿರವಾಗಿರುವ ರೋಗಿಗಳಿಗೆ ಒಂದು ತಿಂಗಳ ಮಾತ್ರೆಯನ್ನು ಒಮ್ಮೆಗೇ ಕೊಡಿ, ಅಡ್ಡಪರಿಣಾಮ ಏನಾಗಬಹುದೆಂದು ಮನೆಯವರ ಮುಂದೆ ಬಾಯಿಬಿಟ್ಟು ಹೇಳಿ. ಮನೆಯಲ್ಲಿ ಒಬ್ಬರಿಗೆ ಒತ್ತಡ ಹೆಚ್ಚಾಗಿ ಬಂದರೆ ಆ ಮನೆಯ ಗಂಡಸರ ತೋಳಿಗೂ ಅದೇ ಹೊತ್ತಿಗೆ ಪಟ್ಟಿ ಕಟ್ಟಿ ಅಳೆಯಿರಿ. ನನ್ನದು 148ಕ್ಕೆ 94 ಎಂದು ತಿಳಿದ ದಿನವೇ ಸಾರಿನ ಉಪ್ಪಿನ ಬಗ್ಗೆ ನನ್ನ ತಕರಾರು ನಿಂತದ್ದು.

ಕೊನೆಯ ಕೋರಿಕೆಯ ಜೊತೆ ನಮ್ಮ ಕಡೆಯಿಂದ ಒಂದು ಕೊಡುಗೆಯೂ ಇದೆ. ನಮ್ಮ ಸಂಘದ ಕೊಠಡಿಯಲ್ಲಿ ಮೇಜಿದೆ, ಕುರ್ಚಿಯಿದೆ, ಕರೆಂಟ್ ಹೋದರೆ ಬ್ಯಾಟರಿಯಿದೆ, ದಿನಕ್ಕೆ ನಾಲ್ಕು ಗಂಟೆ ಬಾಗಿಲು ತೆರೆದಿರುತ್ತದೆ, ಚೀಟಿ ಮುದ್ರಿಸುವ ಯಂತ್ರವೂ ಇದೆ. ತಾವು ರಕ್ತದೊತ್ತಡ ಅಳೆಯುವ ಒಂದು ಯಂತ್ರವನ್ನು ಕೊಟ್ಟು, ಅದನ್ನು ಸರಿಯಾಗಿ ಬಳಸಲು ಊರಿನ ಇಬ್ಬರು ಓದಿದ ಹೆಣ್ಣುಮಕ್ಕಳಿಗೆ ಕಲಿಸಿಕೊಟ್ಟರೆ, ಹಾಲು ಹಾಕಲು ಬಂದವರು ಐದು ನಿಮಿಷ ಕುಳಿತು ದಣಿವಾರಿಸಿಕೊಂಡು ಅಳೆಸಿಕೊಂಡು ಹೋಗುತ್ತಾರೆ. ಅಂಕಿಯ ಚೀಟಿ ಮನೆಗೆ ಹೋಗಲಿ. ಅದನ್ನು ನೋಡಿ ಔಷಧಿ ಬದಲಿಸುವುದು ವೈದ್ಯರ ಕೆಲಸ, ಅದರಲ್ಲಿ ನಾವು ಕೈ ಹಾಕುವುದಿಲ್ಲ. ಯಾರ ಅಂಕಿ ಎಷ್ಟೆಂದು ಸಾಲಿನಲ್ಲಿ ಕೂಗುವುದೂ ಇಲ್ಲ, ಅಷ್ಟು ಮರ್ಯಾದೆ ನಮಗೆ ಗೊತ್ತು. ಆಡಳಿತ ಮಂಡಳಿಯ ಸಭೆಯಲ್ಲಿ ಈ ಬಗ್ಗೆ ಮಾತಾಡಿದ್ದೇನೆ, ಜಾಗ ಕೊಡಲು ಯಾರ ವಿರೋಧವೂ ಇಲ್ಲ. ತಮ್ಮಿಂದ ಒಪ್ಪಿಗೆಯ ಪತ್ರ ಬಂದರೆ ಮಾರನೆಯ ಸಂಜೆಯ ಹಾಲಿನಿಂದಲೇ ಶುರು ಮಾಡುತ್ತೇವೆ. ಮೊದಲು ಕುಳಿತುಕೊಳ್ಳುವವರು ನಮ್ಮಮ್ಮ, ಅವರ ಪಕ್ಕದಲ್ಲಿ ನಾನು.

ಇಂತಿ ತಮ್ಮ ವಿಶ್ವಾಸಿ,
ಹಾಲು ಉತ್ಪಾದಕರ ಸಹಕಾರ ಸಂಘವೊಂದರ ಕಾರ್ಯದರ್ಶಿ,
ಕೋಲಾರ ಜಿಲ್ಲೆ